ಅಡ್ವಾನ್ಸ್ ಕೈಗೆ ಬಂದ ಬಗೆ
ಬೆಂಗಳೂರಿನ ಮನೆಗೆ ಹತ್ತು ತಿಂಗಳ ಬಾಡಿಗೆಯಷ್ಟು, ಅಂದರೆ 1,50,000 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೆ. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಮಾಲೀಕರು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಕರಾರಿನಲ್ಲೇ ಇತ್ತು, ಒಪ್ಪಿದೆ. ಆದರೆ ಗೋಡೆಯ ತೇವ, ಒಡೆದ ಸಿಂಕು ಎಂದು ಇನ್ನೂ 40,000 ಮುರಿಯುತ್ತೇನೆಂದಾಗ ತಲೆ ಕೆಟ್ಟಿತು.

ಪುಣ್ಯಕ್ಕೆ, ಸಾಮಾನು ಇಳಿಸುವ ಮೊದಲೇ ಮನೆಯ ಮೂಲೆಮೂಲೆಯ ಫೋಟೊ ತೆಗೆದು ಅವರಿಗೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೆ. (ಹೆಂಡತಿ ಆಗ ನಕ್ಕಿದ್ದಳು.) ತೇವದ ಕಲೆ ಅಂದೇ ಇತ್ತು, ದಿನಾಂಕ ಸಮೇತ. ಆ ಫೋಟೊಗಳು, ಕರಾರಿನ ಪ್ರತಿ, ಅಡ್ವಾನ್ಸ್ ಪಾವತಿಯ ಬ್ಯಾಂಕ್ ದಾಖಲೆ ಲಗತ್ತಿಸಿ, ಹದಿನೈದು ದಿನಗಳ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿದೆ. ಏರುದನಿಯ ಒಂದು ಮಾತೂ ಅದರಲ್ಲಿರಲಿಲ್ಲ.

ಹನ್ನೊಂದನೆಯ ದಿನ ಹಣ ಖಾತೆಗೆ ಬಂತು. ಸಿಂಕಿನ 2,000 ಮಾತ್ರ ಬಿಟ್ಟುಕೊಟ್ಟೆ. ಅದನ್ನು ಒಡೆದವನು ನಾನೇ.