ಶರತ್ಕಾಲದ ತೆನ್ನೋ ಶೋಗೆ ಹೊರಡುವ ಮುನ್ನ

ಟೋಕಿಯೊಗೆ ಬಂದ ಮೊದಲ ವರ್ಷವೇ ನೀವು ತೆನ್ನೋ ಶೋ ಎಂಬ ಹೆಸರನ್ನು ಕಚೇರಿಯಲ್ಲಿ ಕೇಳುವಿರಿ. ಚಕ್ರವರ್ತಿಯ ಹೆಸರಿನ ಈ ಕುದುರೆ ಪಂದ್ಯ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ವಸಂತದ್ದು 3200 ಮೀಟರ್, ಶರತ್ಕಾಲದ್ದು ಟೋಕಿಯೊದ ಫುಚುವಿನ ರೇಸ್ ಕೋರ್ಸಿನ ಹುಲ್ಲಿನ ಮೇಲೆ, 1984ರಿಂದ 2000 ಮೀಟರ್. ಪ್ರವೇಶದ ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿ. ಇಪ್ಪತ್ತು ತುಂಬದವರು ಬಾಜಿ ಕಟ್ಟುವಂತಿಲ್ಲ. ಕುದುರೆಗಳ ಹೆಸರು ಕತಕಾನ ಎಂಬ ಸರಳ ಉಚ್ಚಾರಾಕ್ಷರಗಳಲ್ಲಿರುವುದರಿಂದ ಕಾಂಜಿಗೆ, ಅಂದರೆ ಚೀನೀ ಮೂಲದ ಕಷ್ಟದ ಅಕ್ಷರಗಳಿಗೆ, ಹೆದರಬೇಕಿಲ್ಲ.

ನನ್ನ ಮೊದಲ ತಪ್ಪು ಬೆಂಗಳೂರಿನ ಅಭ್ಯಾಸದಿಂದ ಆದದ್ದು. ಅಲ್ಲಿ ಬುಕ್ಕಿ ಬರೆದುಕೊಟ್ಟ ದರ ಬರೆದುಕೊಟ್ಟದ್ದೇ. ಇಲ್ಲಿ ಬುಕ್ಕಿಯೇ ಇಲ್ಲ. ಎಲ್ಲರ ಹಣವೂ ಒಂದೇ ಹುಂಡಿಗೆ ಬಿದ್ದು, ಕಿಟಕಿ ಮುಚ್ಚುವ ತನಕ ದರ ಏರಿಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಹನ್ನೆರಡು ಪಟ್ಟು ಕಂಡ ಕುದುರೆ ಗೆದ್ದಾಗ ಆರು ಪಟ್ಟು ಕೊಟ್ಟರೆಂದು, ಅರೆಬರೆ ಜಪಾನಿಯಲ್ಲಿ ನಾನು ಜಗಳಕ್ಕೆ ನಿಂತೆ. ಕಿಟಕಿಯಾಚೆಯ ಹೆಂಗಸು ಮೂರು ಸಲ ತಲೆಬಾಗಿದರೇ ಹೊರತು ಒಂದು ಯೆನ್ ಹೆಚ್ಚು ಕೊಡಲಿಲ್ಲ.

ಎರಡನೆಯ ತಪ್ಪನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 2008ರ ಓಟದಲ್ಲಿ ವೋಡ್ಕಾ ಮತ್ತು ದೈವಾ ಸ್ಕಾರ್ಲೆಟ್ ಎಂಬ ಎರಡು ಹೆಣ್ಣು ಕುದುರೆಗಳು ಒಟ್ಟಿಗೇ ಗುರಿ ಮುಟ್ಟಿದವು. ಸ್ಕಾರ್ಲೆಟ್ ಗೆದ್ದಿತೆಂದುಕೊಂಡು, ಊರಿನಲ್ಲಿ ಎಲ್ಲರೂ ಮಾಡುವಂತೆ ನಾನು ವೋಡ್ಕಾ ಮೇಲಿನ ಟಿಕೆಟನ್ನು ಹರಿದು ಎಸೆದೆ. ಫಲಿತಾಂಶ ಖಚಿತವಾಗುವವರೆಗೆ ಟಿಕೆಟ್ ಎಸೆಯಬೇಡಿರೆಂದು ಇಲ್ಲಿ ಧ್ವನಿವರ್ಧಕದಲ್ಲಿ ಹೇಳುತ್ತಾರೆ. ಆಗ ನನಗೆ ಆ ಭಾಷೆ ಬರುತ್ತಿರಲಿಲ್ಲ. ಸುಮಾರು ಹದಿಮೂರು ನಿಮಿಷ ಚಿತ್ರ ಪರಿಶೀಲಿಸಿದ ಮೇಲೆ ಎರಡು ಸೆಂಟಿಮೀಟರಿನಿಂದ ವೋಡ್ಕಾ ಗೆದ್ದಿತೆಂದು ಸಾರಿದರು. ಜನರ ಕಾಲಡಿ ಬಗ್ಗಿ ಹುಡುಕಿದೆ, ಒಂದು ಚೂರು ಸಿಗಲೇ ಇಲ್ಲ.

ಮೂರನೆಯ ತಿರುವಿನಾಚೆ ಒಂದು ದೊಡ್ಡ ಮರವಿದೆ. 1998ರ ನವೆಂಬರ್ 1ರಂದು, ಎಲ್ಲರನ್ನೂ ಬಹುದೂರ ಹಿಂದಿಕ್ಕಿ ಓಡುತ್ತಿದ್ದ ಸೈಲೆನ್ಸ್ ಸುಜುಕಾ ಎಂಬ ಕುದುರೆ ಆ ಮರವನ್ನು ದಾಟುವ ಹೊತ್ತಿಗೆ ಕಾಲು ಮುರಿದುಕೊಂಡಿತು; ಅದನ್ನು ಉಳಿಸಲಾಗಲಿಲ್ಲ. ಕುದುರೆಗಳು ಮರದ ಹಿಂದೆ ಮರೆಯಾಗುವಾಗ ಪಕ್ಕದವರು ಮಾತು ನಿಲ್ಲಿಸಿದರೆ ನೀವೂ ಸುಮ್ಮನಿರಿ.

ನನ್ನ ಮಗಳು ಇಲ್ಲೇ ಹುಟ್ಟಿದವಳು. ಟ್ರ್ಯಾಕಿನ ಒಳಮೈದಾನದಲ್ಲಿ ಚಾಪೆ ಹಾಸಿ, ಚಿತ್ರಾನ್ನದ ಡಬ್ಬಿ ತೆರೆದು, ನನ್ನ ಟಿಕೆಟನ್ನು ಕಸಿದು ಮುಚ್ಚಳದ ಕೆಳಗಿಟ್ಟುಕೊಳ್ಳುತ್ತಾಳೆ. ಫಲಿತಾಂಶ ಬಂದ ಮೇಲೆಯೇ ಕೊಡುವುದು. ಕುಟುಂಬಗಳು ಬುತ್ತಿ ಕಟ್ಟಿಕೊಂಡು ರೇಸಿಗೆ ಬರುವುದು ಅವಳಿಗೆ ಸಹಜ. ತಾತ ಮಾರುಕಟ್ಟೆಗೆಂದು ಹೇಳಿ ರೇಸಿಗೆ ಹೋಗಿ, ರೇಸ್ ಬುಕ್ಕನ್ನು ದಂಟಿನ ಸೊಪ್ಪಿನ ಕೆಳಗೆ ಮುಚ್ಚಿಟ್ಟು ತರುತ್ತಿದ್ದರೆಂದರೆ, ‘ಯಾಕಪ್ಪಾ, ಅಜ್ಜಿಯನ್ನೂ ಕರೆದುಕೊಂಡು ಹೋಗಬಹುದಿತ್ತಲ್ಲ?’ ಎನ್ನುತ್ತಾಳೆ. ಆ ಪುಸ್ತಕಗಳಲ್ಲಿ ಒಂದನ್ನಾದರೂ ಅವಳಿಗೆ ತೋರಿಸೋಣವೆಂದು ಕಳೆದ ಸಲ ಊರಿಗೆ ಹೋದಾಗ ಹುಡುಕಿದೆ. ಅಮ್ಮ ಎಲ್ಲವನ್ನೂ ಎಂದೋ ಬಚ್ಚಲ ಒಲೆಗೆ ಹಾಕಿದ್ದರು.