ಕ್ವೆಟ್ಸಲ್ ನೋಡಲು ಹೊರಟವರು ಮೊದಲು ಕೊಂಡಜ್ಜಿಗೆ ಹೋಗಿ

ಮಧ್ಯ ಅಮೆರಿಕದ ಕೋಸ್ಟರಿಕಾಕ್ಕೆ ಹಕ್ಕಿ ನೋಡಲು, ಅದರಲ್ಲೂ ಕ್ವೆಟ್ಸಲ್ ಎಂಬ ಉದ್ದ ಬಾಲದ ಹಸಿರು ಹಕ್ಕಿಯನ್ನು ನೋಡಲು ಹೋಗಬೇಕು, ಏನು ತಯಾರಿ ಬೇಕು ಅಂತ ಕೇಳಲು ಚೌಕಿಪೇಟೆಯ ನಮ್ಮ ಬಟ್ಟೆ ಅಂಗಡಿಗೇ ಬರುವವರಿದ್ದಾರೆ. ಟಿಕೆಟ್ ಮಾತು ಆಮೇಲೆ. ಮೊದಲು ಕೆಲವು ತಿಂಗಳು ದಾವಣಗೆರೆಯಲ್ಲೇ ಕಣ್ಣು ಪಳಗಿಸಿ. ಭಾನುವಾರ ಬೆಳಿಗ್ಗೆ ಆರಕ್ಕೆ ಊರ ಹತ್ತಿರದ ಕೊಂಡಜ್ಜಿಯ ಕೆರೆ, ಗುಡ್ಡಕ್ಕೆ ಹೋಗಿ. ಕೆರೆಯ ಹಕ್ಕಿ ಬಯಲಲ್ಲೇ ಕಾಣುತ್ತವೆ, ಅವು ಸುಲಭ. ಗುಡ್ಡದ ಪೊದೆಯೊಳಗಿನ ಪಿಕಳಾರ, ಹೂವಿಂದ ಹೂವಿಗೆ ಹಾರುವ ಸೂರಕ್ಕಿ, ಇವನ್ನು ಬೈನಾಕ್ಯುಲರ್‌ನಲ್ಲಿ ಥಟ್ಟನೆ ಹಿಡಿಯಲು ಕಲಿಯಿರಿ. ನೋಟ ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರ್ ಮಾತ್ರ ಕಣ್ಣಿನ ಹತ್ತಿರ ಬರಲಿ. ಕೋಸ್ಟರಿಕಾದ ದಟ್ಟ ಕಾಡಿನಲ್ಲಿ ಹಕ್ಕಿ ಎರಡು ಸೆಕೆಂಡ್ ಕಂಡರೂ ಪುಣ್ಯ.

ಬೈನಾಕ್ಯುಲರ್ 8×42 ಇರಲಿ, ಅಂದರೆ 8 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು. 10 ಪಟ್ಟು ದೊಡ್ಡದಾಗಿ ತೋರಿಸುವುದನ್ನೇ ಅಂಗಡಿಯವರು ಹೊಗಳುತ್ತಾರೆ. ಆದರೆ ಅದರಲ್ಲಿ ಕೈನಡುಕವೂ ಜಾಸ್ತಿ ಕಾಣುತ್ತದೆ, ಮರದ ನೆರಳಲ್ಲಿ ನೋಟವೂ ಮಂಕು. ಹಕ್ಕಿ ಗುರುತಿಸಲು ನೆರವಾಗುವ, ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ಉಚಿತ. ಕೋಸ್ಟರಿಕಾದ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಇಳಿಸಿಕೊಂಡು ಹೋಗಿ.

ಈ ದೇಶವನ್ನೇ ಯಾಕೆ ಹೇಳುತ್ತೇನೆ ಅಂದರೆ, ಅದು ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ದೊಡ್ಡದು ಅಷ್ಟೇ. ಅಷ್ಟರಲ್ಲೇ 900ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು. ಕೊಲಂಬಿಯಾದಲ್ಲಿ 1,900 ದಾಟುತ್ತವೆ, ನಿಜ. ಆದರೆ ಅಲ್ಲಿ ಓಡಾಟವೇ ದೊಡ್ಡದು. ಮೊದಲ ಸಲ ಒಂದೇ ದೇಶ, ಮೂರೇ ಜಾಗ ಸಾಕು. ತಗ್ಗಿನ ಮಳೆಕಾಡಿಗೆ ಲಾ ಸೆಲ್ವಾ, ಕೆಂಪು ಮಕಾವ್ ಗಿಣಿಗಳಿಗೆ ಕರಾರಾ, ಕ್ವೆಟ್ಸಲ್‌ಗೆ ಸ್ಯಾನ್ ಹೆರಾರ್ಡೊ ಡಿ ಡೋಟಾ ಕಣಿವೆ. ಈ ಕಣಿವೆ ಎರಡು ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ, ಸ್ವೆಟರ್ ಬೇಕೇ ಬೇಕು. ಮಾರ್ಚ್ ಒಳ್ಳೆಯ ತಿಂಗಳು. ಮಳೆ ಕಡಿಮೆ, ಕ್ವೆಟ್ಸಲ್ ಗೂಡು ಕಟ್ಟುವ ಕಾಲ. ನಮ್ಮಲ್ಲಿ ಮದುವೆ ಸೀಸನ್ ಜೋರಾಗುವ ಮೊದಲೇ ವಾಪಸ್ ಬರಬಹುದು.

ಕ್ವೆಟ್ಸಲ್ ಹಿಂದೆ ಓಡಬೇಡಿ. ಅಲ್ಲಿ ಕಾಡು ಬೆಣ್ಣೆಹಣ್ಣಿನ ಮರಗಳಿವೆ, ಹಣ್ಣು ಪುಟ್ಟದು. ಕ್ವೆಟ್ಸಲ್ ಅದನ್ನು ಇಡಿಯಾಗಿ ನುಂಗಿ, ಬೀಜವನ್ನು ಆಮೇಲೆ ಉಗುಳುತ್ತದೆ. ಹಣ್ಣು ಬಿಟ್ಟ ಮರ ಯಾವುದು ಅಂತ ಊರಿನ ಗೈಡ್‌ಗೆ ಗೊತ್ತಿರುತ್ತದೆ. ಬೆಳಕು ಹರಿಯುವ ಮೊದಲೇ ಆ ಮರದ ಎದುರು ನಿಂತು ಕಾಯಿರಿ. ಗಂಡಿನ ಬಾಲದ ಗರಿ ಮೂರು ಅಡಿವರೆಗೂ ಬೆಳೆಯುತ್ತದೆ. ಆದರೂ ಎಲೆ ನಡುವೆ ಅಲ್ಲಾಡದೆ ಕೂತರೆ ಕಾಣುವುದೇ ಇಲ್ಲ. ನಮ್ಮ ಮಲೆನಾಡಿನ ಕಾಕರಣೆ ಹಕ್ಕಿಯೂ ಇದೇ ಕುಟುಂಬದ್ದು, ಅದೂ ಹೀಗೇ ಸುಮ್ನೆ ಕೂರುತ್ತದೆ. ಹೊರಡುವ ಮುನ್ನ ದಾಂಡೇಲಿಯಲ್ಲಿ ಅದನ್ನು ಹುಡುಕಿ ನೋಡಿ, ಕ್ವೆಟ್ಸಲ್ ಹುಡುಕುವ ಪಾಠ ಅರ್ಧ ಮುಗಿದ ಹಾಗೆ. ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು ಮಾತ್ರ ಬೇಡ. ಗೂಡು, ಮರಿ ಬಿಟ್ಟು ಬರುವಂತೆ ಮಾಡುವುದು ಅನ್ಯಾಯ.

ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುವ ಪುಟ್ಟ ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅದರ ಕೊರಳು ಕಪ್ಪು ಕಂಡಿತು ಅಂತ ತಕ್ಷಣ ಹೆಸರು ಬರೆದುಕೊಳ್ಳಬೇಡಿ. ಅಲ್ಲಿ ಹೊಳೆಯುವುದು ಗರಿಯ ರಚನೆಯಿಂದ ಹುಟ್ಟುವ ಬಣ್ಣ. ನಾವು ಶಾಟ್ ರೇಷ್ಮೆ ಸೀರೆಯನ್ನು ಗಿರಾಕಿ ಮುಂದೆ ತಿರುಗಿಸಿ ತೋರಿಸುತ್ತೇವಲ್ಲ, ಹಾಗೆಯೇ ಇದರ ಬಣ್ಣವೂ ಕೋನ ಬದಲಾದರೆ ಬೇರೆ. ಹಕ್ಕಿ ತಿರುಗುವ ತನಕ ಕಾಯಿರಿ.

ಟೂಕನ್ ಕಂಡರೆ ನಮ್ಮ ಮಂಗಟ್ಟೆ ನೆನಪಾಗುತ್ತದೆ, ಅಲ್ವಾ? ಕೊಕ್ಕು ಹಾಗೇ ಇದೆ, ಆದರೆ ಟೂಕನ್‌ಗೆ ಹತ್ತಿರದ ನೆಂಟ ನಮ್ಮ ಕುಟ್ರುಹಕ್ಕಿ.

ಇರುವೆಹಕ್ಕಿಗಳನ್ನು ನೋಡಬೇಕಾದರೆ ನೆಲ ನೋಡಿ. ದಂಡಿರುವೆಗಳು ಸಾಲಾಗಿ ಹೊರಟಾಗ ಹುಳು ಹುಪ್ಪಟೆ ಚೆಲ್ಲಾಪಿಲ್ಲಿ ಓಡುತ್ತವೆ. ಈ ಹಕ್ಕಿಗಳಿಗೆ ಬೇಕಿರುವುದು ಆ ಹುಳುಗಳೇ.

ಒಂದು ಬೆಳಿಗ್ಗೆಯಾದರೂ ಯಿಗ್ವೀರೊಗೆ ಕೊಡಿ. ಮಣ್ಣಿನ ಬಣ್ಣದ ಸಾದಾ ಹಕ್ಕಿ ಅದು. ಇಷ್ಟೆಲ್ಲ ಬಣ್ಣದ ಹಕ್ಕಿಗಳಿದ್ದರೂ ಕೋಸ್ಟರಿಕಾ ತನ್ನ ರಾಷ್ಟ್ರಪಕ್ಷಿ ಅಂತ 1977ರಲ್ಲಿ ಆರಿಸಿದ್ದು ಅದನ್ನೇ. ಮಳೆಗಾಲದ ಮುಂಚೆ ಅದು ಹಾಡಿದರೆ ಮಳೆ ಕರೆಯುತ್ತಿದೆ ಅನ್ನುತ್ತಾರೆ ಅಲ್ಲಿನ ರೈತರು. ಮೆಕ್ಕೆಜೋಳ ಬಿತ್ತಲು ಆಕಾಶ ನೋಡುವ ನಮಗೆ ಆ ಆಯ್ಕೆ ಚೆನ್ನಾಗಿ ಅರ್ಥವಾಗುತ್ತದೆ.

ಊಟದ ಚಿಂತೆ ಬೇಡ, ಬೆಳಿಗ್ಗೆಗೇ ಅನ್ನ, ಕಪ್ಪು ಕಾಳು ಸಿಗುತ್ತದೆ. ಮಾಂಸ ಬೇಡ ಅಂತ ಮೊದಲೇ ಹೇಳಿ. ಹಾಗೆಯೇ ಕೊಲಂಬಿಯಾ, ಈಕ್ವೆಡಾರ್ ಕೂಡ ನೋಡಿ ಬರುವವರು ಹಳದಿ ಜ್ವರದ ಲಸಿಕೆ ಮರೆಯಬೇಡಿ. ಪ್ರಮಾಣಪತ್ರ ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇಡಬಹುದು. ಸೂಜಿ ಚುಚ್ಚಿಸಿಕೊಂಡ 10 ದಿನದ ನಂತರವೇ ಅದಕ್ಕೆ ಮಾನ್ಯತೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಬೆಂಗಳೂರಿಗೆ ಹೋಗುವ ಒಂದು ದಿನವನ್ನು ಈಗಲೇ ಗುರುತು ಹಾಕಿಕೊಳ್ಳಿ.