ಟ್ರಿಂಗ್‌ನಲ್ಲಿ ಇಳಿದು ಕಾಡಿಗೆ: ಆಶ್‌ರಿಜ್‌ಗೆ ಮೊದಲ ಸಲ ಹೋಗುವವರಿಗೆ

ಲಂಡನ್ನಿಗೆ ಬಂದು ಎರಡು ಮೂರು ವರ್ಷ ಆದರೂ ಇಲ್ಲಿನ ಒಂದು ಕಾಡನ್ನೂ ನೋಡದ ನಮ್ಮವರು ಬಹಳ ಜನ ಇದ್ದಾರೆ. ಕೇಳಿದರೆ ಕಾರಿಲ್ಲ ಅನ್ನುತ್ತಾರೆ. ಇಲ್ಲವೇ, ಯಾರದೋ ಜಮೀನು, ಒಳಗೆ ಕಾಲಿಟ್ಟರೆ ಬೈದರೆ ಏನು ಮಾಡೋದು ಅನ್ನುತ್ತಾರೆ. ಕಾರು ಬೇಡ, ಯೂಸ್ಟನ್‌ನಲ್ಲಿ ರೈಲು ಹತ್ತಿದರೆ ಸುಮಾರು 40 ನಿಮಿಷಕ್ಕೆ ಟ್ರಿಂಗ್, ಅಲ್ಲಿಂದ ನಡೆದರೆ ಆಶ್‌ರಿಜ್ ಕಾಡು. ಬೈಯುವ ಭಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಮುಂದೆ ಹೇಳುತ್ತೇನೆ.

ಟಿಕೆಟ್ ವಿಷಯ ಮೊದಲು ಮುಗಿಸೋಣ. ಆಯ್ಸ್ಟರ್ ಕಾರ್ಡ್ ಅಷ್ಟು ದೂರ ನಡೆಯುವುದಿಲ್ಲ, ಹೋಗಿಬರುವ ಟಿಕೆಟ್ಟನ್ನು ಮೊದಲೇ ತೆಗೆದುಕೊಳ್ಳಿ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೊರಟರೆ ಗ್ರೂಪ್‌ಸೇವ್ ಅಂತ ಕೇಳಿ, ಗಿಜಿಗಿಜಿ ಇಲ್ಲದ ಹೊತ್ತಿನ ರೈಲಿಗೆ ಮೂರನೇ ಒಂದು ಭಾಗ ಕಡಿಮೆ ಆಗುತ್ತದೆ. ಭಾನುವಾರ ಹಳಿ ರಿಪೇರಿ ಅಂತ ರೈಲು ಬದಲು ಬಸ್ ಬಿಡುವುದುಂಟು, ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಟ್ರಿಂಗ್ ಸ್ಟೇಷನ್ ಟ್ರಿಂಗ್ ಊರಲ್ಲಿಲ್ಲ. ಊರು ಒಂದು ಕಡೆಗೆ, ಹೆಚ್ಚುಕಡಿಮೆ ಮೂರು ಕಿಲೋಮೀಟರ್. ನಿಮಗೆ ಬೇಕಾದ ಆಲ್ಡ್‌ಬರಿ ಹಳ್ಳಿ ಇನ್ನೊಂದು ಕಡೆಗೆ, ಒಂದೂವರೆ ಕಿಲೋಮೀಟರ್. ಮೊದಲ ಸಲ ನಾನು ಹೆಸರನ್ನು ನಂಬಿ ಊರ ಕಡೆಗೇ ಹೊರಟುಬಿಟ್ಟೆ, ಅರ್ಧ ಗಂಟೆ ನಡೆದ ಮೇಲೆ ಗೊತ್ತಾಯಿತು. ಫೋನಿನಲ್ಲಿ ಆಲ್ಡ್‌ಬರಿ ಅಂತಲೇ ಹಾಕಿಕೊಳ್ಳಿ.

ಆಲ್ಡ್‌ಬರಿಯಲ್ಲಿ ನಡುವೆ ಒಂದು ಕೊಳ, ಬಾತುಕೋಳಿ, ಸುತ್ತ ಹಳೇ ಮನೆಗಳು. ಕೊಳದ ಪಕ್ಕದಲ್ಲಿ ಮರದ ಕೋಳ ಇದೆ ನೋಡಿ. ತಪ್ಪು ಮಾಡಿದವರ ಕಾಲು ಸಿಕ್ಕಿಸಿ ಊರವರ ಎದುರು ಕೂರಿಸುತ್ತಿದ್ದದ್ದು, ಜೊತೆಗೆ ಕಟ್ಟಿ ಹೊಡೆಯುವ ಕಂಬ. ಎಲ್ಲರೂ ಅದರ ಪಕ್ಕ ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಹೊರಡಿ.

ಈಗ ದಾರಿಯ ವಿಷಯ. ಇಂಗ್ಲೆಂಡಿನಲ್ಲಿ ಜಮೀನು ರೈತನದ್ದೇ ಆಗಿರಬಹುದು, ಆದರೆ ಅದರ ನಡುವೆ ಹಾದುಹೋಗುವ ಕಾಲುದಾರಿ ಎಲ್ಲರದ್ದು. ಪಬ್ಲಿಕ್ ಫುಟ್‌ಪಾತ್ ಅಂತ ಬೋರ್ಡ್ ಇದ್ದರೆ ಯಾರನ್ನೂ ಕೇಳಬೇಕಾಗಿಲ್ಲ, ಗೋಧಿ ಹೊಲದ ಮಧ್ಯದಲ್ಲೇ ಹೋಗಲಿ, ಯಾರದೋ ಮನೆಯ ಅಂಗಳದ ಪಕ್ಕದಲ್ಲೇ ಹೋಗಲಿ, ಧೈರ್ಯವಾಗಿ ನಡೆಯಿರಿ. ರೈತ ಉತ್ತಾಗ ದಾರಿ ಮುಚ್ಚಿಹೋದರೆ ಅದನ್ನು ಮತ್ತೆ ಬಿಡಿಸಿ ಕೊಡುವುದು ಅವನ ಕೆಲಸ, ಕಾನೂನೇ ಹಾಗಿದೆ. ಚಿಕ್ಕಂದಿನಿಂದ 'ಅನುಮತಿ ಇಲ್ಲದೆ ಪ್ರವೇಶವಿಲ್ಲ' ಬೋರ್ಡ್ ಓದಿ ಬೆಳೆದ, ಕಾಡು ಅಂದರೆ ಅರಣ್ಯ ಇಲಾಖೆಯ ಗೇಟು ಅಂದುಕೊಂಡ ನನಗೆ ಇದನ್ನು ನಂಬಲು ಬಹಳ ದಿನ ಹಿಡಿಯಿತು. ಮೊದಮೊದಲು ಯಾರಾದರೂ ಎದುರು ಬಂದರೆ ತಪ್ಪು ಮಾಡಿದವನ ಹಾಗೆ ಪಕ್ಕಕ್ಕೆ ನಿಲ್ಲುತ್ತಿದ್ದೆ, ಅವರು ಗುಡ್ ಮಾರ್ನಿಂಗ್ ಅಂದು ಹೋಗುತ್ತಿದ್ದರು ಅಷ್ಟೇ!

ಕಂಬಗಳ ಮೇಲೆ ಬಾಣದ ಗುರುತು ಇರುತ್ತದೆ. ಹಳದಿ ಬಾಣ ಅಂದರೆ ನಡೆಯುವವರಿಗೆ ಮಾತ್ರ. ನೀಲಿ ಅಂದರೆ ಕುದುರೆ, ಸೈಕಲ್ಲೂ ಬರಬಹುದು, ಹಿಂದೆ ಮುಂದೆ ನೋಡಿಕೊಳ್ಳಿ. ಕೆಂಪು ಇದ್ದರೆ ಗಾಡಿಯೂ ಬರಬಹುದು. ಓಕ್ ಮರದ ಕಾಯಿಯ ಚಿತ್ರ ಕಂಡರೆ ಅದು ನ್ಯಾಷನಲ್ ಟ್ರೇಲ್, ಅಂದರೆ ಬಹುದೂರ ಸಾಗುವ ನಡಿಗೆ ದಾರಿ, ಇಲ್ಲಿ ಅದರ ಹೆಸರು ರಿಜ್‌ವೇ. ಬೇಲಿ ದಾಟಲು ಮರದ ಮೆಟ್ಟಿಲು ಸಿಗುತ್ತದೆ, ಥೇಟ್ ನಮ್ಮ ಮಲೆನಾಡಿನ ತಡಮೆ. ಗೇಟು ಇದ್ದರೆ ನೀವು ಬಂದಾಗ ಹೇಗಿತ್ತೋ ಹಾಗೇ ಬಿಟ್ಟುಹೋಗಿ. ತೆರೆದಿದ್ದರೆ ತೆರೆದೇ ಇರಲಿ, ದನಕ್ಕೆ ನೀರಿಗೆ ಹೋಗಲು ಅಂತ ಬಿಟ್ಟಿರಬಹುದು. ಬೆಳೆ ಇರುವ ಹೊಲದಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಿರಿ.

ದನದ ಬಗ್ಗೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮೂರ ಬೀದಿ ಹಸುವಿನ ಸಾಧುಸ್ವಭಾವ ಇಲ್ಲಿ ಇರುತ್ತದೆ ಅಂದುಕೊಳ್ಳಬೇಡಿ, ಇವು ಜನರ ಮಧ್ಯೆ ಬೆಳೆದವಲ್ಲ. ಕರು ಇದ್ದರೆ ದೂರದಿಂದ ಸುತ್ತಿಹೋಗಿ, ಕರು ಮತ್ತು ತಾಯಿಯ ನಡುವೆ ಹೋಗಲೇಬೇಡಿ, ಓಡಬೇಡಿ. ಮುಟ್ಟಿ ನಮಸ್ಕಾರ ಮಾಡುವ ಆಸೆ ಇದ್ದರೆ ಬೇಲಿಯ ಆಚೆಯಿಂದ ಮಾಡಿ.

ಆಲ್ಡ್‌ಬರಿಯಿಂದ ಮೇಲಕ್ಕೆ ಒಂದು ಕಡಿದಾದ ಕಾಡುದಾರಿ. ಹದಿನೈದು ಇಪ್ಪತ್ತು ನಿಮಿಷ ಏದುಸಿರು, ಆಮೇಲೆ ಬ್ರಿಜ್‌ವಾಟರ್ ಸ್ಮಾರಕದ ಎತ್ತರದ ಕಂಬ. 1832ರಲ್ಲಿ ಕಟ್ಟಿದ್ದು. ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ಕಾಲುವೆ ತೋಡಿಸಿದ ಡ್ಯೂಕನ ನೆನಪಿಗೆ. ಒಳಗೆ 172 ಮೆಟ್ಟಿಲು, ಎಲ್ಲಾ ದಿನ ತೆರೆದಿರುವುದಿಲ್ಲ. ಅಲ್ಲೇ ಈ ಕಾಡನ್ನು ನೋಡಿಕೊಳ್ಳುವ ಸಂಸ್ಥೆ ನ್ಯಾಷನಲ್ ಟ್ರಸ್ಟಿನ ಕೆಫೆ, ಶೌಚಾಲಯ ಇವೆ. ಮುಂದೆ ದಾರಿಯಲ್ಲಿ ಇವೆರಡೂ ಸಿಗುವುದಿಲ್ಲ, ಆದ್ದರಿಂದ ಮಕ್ಕಳಿಗೆ ಬೇಕೋ ಬೇಡವೋ ಕರೆದುಕೊಂಡು ಹೋಗಿ ಬನ್ನಿ.

ಇಲ್ಲಿಂದ ಬೀಚ್ ಮರದ ಕಾಡು. ಬೀಚ್ ಅಂದರೆ ಕಡಲ ತೀರ ಅಲ್ಲ, ನುಣ್ಣನೆಯ ಬೂದು ತೊಗಟೆಯ ದೊಡ್ಡ ಮರ. ಬೇಸಿಗೆಯಲ್ಲಿ ಇದರ ಎಲೆ ಎಷ್ಟು ಒತ್ತಾಗಿ ಮುಚ್ಚಿಕೊಳ್ಳುತ್ತದೆ ಅಂದರೆ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಅದಕ್ಕೇ ಬ್ಲೂಬೆಲ್ ಹೂವು ಎಲೆ ಮುಚ್ಚುವ ಮೊದಲೇ ಸಿಕ್ಕಷ್ಟು ಬಿಸಿಲು ಕುಡಿದು ಅರಳಿ ಮುಗಿಸಿಬಿಡುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ಎರಡು ವಾರ, ಅಷ್ಟೇ. ಪ್ರಪಂಚದ ಬ್ಲೂಬೆಲ್‌ಗಳಲ್ಲಿ ಅರ್ಧದಷ್ಟು ಈ ದೇಶದಲ್ಲೇ ಇವೆ ಅನ್ನುತ್ತಾರೆ. ಆಶ್‌ರಿಜ್‌ನಲ್ಲಿ ಅದಕ್ಕೆ ಹೆಸರಾದ ಜಾಗ ಡಾಕಿ ವುಡ್. ಹೂವಿನ ಕಾಲದಲ್ಲಿ ಅಲ್ಲಿಗೆ ಪ್ರವೇಶ ಶುಲ್ಕ ಇಡುವುದುಂಟು, ಹೋಗುವ ವಾರ ನ್ಯಾಷನಲ್ ಟ್ರಸ್ಟಿನ ಸೈಟ್ ನೋಡಿ. ಶನಿವಾರ ಮಧ್ಯಾಹ್ನ ಹೋದರೆ ಹೂವಿಗಿಂತ ಜನ ಜಾಸ್ತಿ. ವಾರದ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ನೆಲದ ಮೇಲೆ ನೀಲಿ ಹೊಗೆ ಕವಿದ ಹಾಗೆ ಇರುತ್ತದೆ, ಸಣ್ಣ ಜೇನಿನಂಥ ವಾಸನೆ.

ಮತ್ತೆ ದಯವಿಟ್ಟು, ಮಗುವನ್ನು ಹೂವಿನ ಮಧ್ಯೆ ಕೂರಿಸಿ ಫೋಟೋ ತೆಗೆಯಬೇಡಿ. ಎಲೆ ತುಳಿತಕ್ಕೆ ಸಿಕ್ಕಿದರೆ ಗಡ್ಡೆಗೆ ಆಹಾರ ಹೋಗುವುದಿಲ್ಲ, ಆ ಜಾಗ ಮತ್ತೆ ಚೇತರಿಸಿಕೊಳ್ಳಲು ವರ್ಷಗಟ್ಟಲೆ ಬೇಕು. ದಾರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ತೆಗೆದರೆ ಫೋಟೋ ಇನ್ನೂ ಚೆನ್ನಾಗಿ ಬರುತ್ತದೆ. ಗಡ್ಡೆ ಕಿತ್ತು ಕುಂಡದಲ್ಲಿ ಹಾಕುವ ಯೋಚನೆಯಂತೂ ಬಿಡಿ, 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಹೂವು ತಪ್ಪಿಹೋದರೆ ಅಕ್ಟೋಬರ್ ಕೊನೆಗೆ ಬನ್ನಿ. ನನ್ನನ್ನು ಕೇಳಿದರೆ ಅದೇ ವಾಸಿ. ಬೀಚ್ ಎಲೆ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ, ಜನ ಕಡಿಮೆ, ಫ್ಯಾಲೋ ಜಿಂಕೆಗಳು ಬೆದೆಗೆ ಬಂದು ಗಂಡುಗಳು ಗೊರಕೆ ಹೊಡೆದ ಹಾಗೆ ಕೂಗುತ್ತಿರುತ್ತವೆ. ಬೇಸಿಗೆಯಲ್ಲಿ ಈ ಜಿಂಕೆಯ ಮೈಮೇಲೆ ಬಿಳಿ ಚುಕ್ಕಿ, ಬಂಡೀಪುರದ ಚುಕ್ಕಿ ಜಿಂಕೆಯ ತಮ್ಮನ ಹಾಗೆ ಕಾಣುತ್ತದೆ. ಬೆದೆಯ ಕಾಲದಲ್ಲಿ ಹತ್ತಿರ ಹೋಗಬೇಡಿ, ಐವತ್ತು ಮೀಟರ್ ದೂರದಿಂದ ನೋಡಿದರೆ ಸಾಕು.

ಆನೆ, ಹುಲಿ, ಇಂಬಳ ಯಾವುದೂ ಇಲ್ಲಿ ಇಲ್ಲ. ಹೆದರಬೇಕಾದದ್ದು ಉಣ್ಣಿಗೆ. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದಾಗಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಉಣ್ಣಿ ಹರಡುವುದು ಲೈಮ್ ರೋಗ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದು ಮಂಡಿಯ ಹಿಂದೆ, ಕಂಕುಳು, ಮಕ್ಕಳ ತಲೆಗೂದಲಂಚು ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ವೃತ್ತ ದೊಡ್ಡದಾಗುತ್ತಾ ಹೋದರೆ ಡಾಕ್ಟರಿಗೆ ತೋರಿಸಿ. ಅಣಬೆ ಕಂಡರೆ ನೋಡಿ, ಕೀಳಬೇಡಿ. ಊರಲ್ಲಿ ಮಳೆಗಾಲದ ಅಣಬೆ ಗುರುತಿಸುತ್ತಿದ್ದ ಧೈರ್ಯ ಇಲ್ಲಿ ಬೇಡ, ಪ್ರಾಣ ತೆಗೆಯುವ ಅಣಬೆಗಳೂ ಇಲ್ಲಿ ಬೆಳೆಯುತ್ತವೆ.

ಸ್ಮಾರಕದಿಂದ ಉತ್ತರಕ್ಕೆ ಬೆಟ್ಟದ ಅಂಚಿನ ಕಾಡಿನಲ್ಲೇ ನಡೆದರೆ ಒಂದೂವರೆ ಎರಡು ಗಂಟೆಗೆ ಮರ ಮುಗಿದು ಬಯಲು ತೆರೆದುಕೊಳ್ಳುತ್ತದೆ. ಅದೇ ಐವಿಂಗೊ ಬೀಕನ್. ಹುಲ್ಲಿನ ಕೆಳಗೆ ಬರೀ ಸುಣ್ಣಕಲ್ಲು, ದಾರಿ ಸವೆದಲ್ಲೆಲ್ಲ ಬೆಳ್ಳಗೆ. ಆಚೆ ಗುಡ್ಡದ ಇಳಿಜಾರಿನಲ್ಲಿ ವಿಪ್‌ಸ್ನೇಡ್ ಮೃಗಾಲಯದವರು 1930ರ ದಶಕದಲ್ಲಿ ಸುಣ್ಣಕಲ್ಲಿನಲ್ಲಿ ಬಿಡಿಸಿದ ಬಿಳಿ ಸಿಂಹ ಕಾಣುತ್ತದೆ. ಗಾಳಿ ಮಾತ್ರ ಕೆನ್ನೆಗೆ ಹೊಡೆಯುತ್ತದೆ. ಚಿತ್ರಾನ್ನದ ಡಬ್ಬಿ ತೆಗೆಯುವುದಿದ್ದರೆ ತುದಿಗಿಂತ ಸ್ವಲ್ಪ ಕೆಳಗೆ, ಗಾಳಿಯ ಮರೆಗೆ ಕೂರಿ. ಪೇಪರ್ ತಟ್ಟೆ ತಂದರೆ ಅದರ ಹಿಂದೆ ಓಡಬೇಕಾಗುತ್ತದೆ.

ವಾಪಸ್ ಬರಲು ರಿಜ್‌ವೇ ಹಿಡಿಯಿರಿ. ಏವ್‌ಬರಿ ಹತ್ತಿರದ ಓವರ್ಟನ್ ಹಿಲ್‌ನಿಂದ 87 ಮೈಲಿ ಬಂದ ದಾರಿ ಬೀಕನ್ನಿನಲ್ಲಿ ಮುಗಿಯುತ್ತದೆ, ನೀವು ಅದರ ಕೊನೆಯ ತುಂಡನ್ನು ಉಲ್ಟಾ ನಡೆಯುತ್ತೀರಿ. ಓಕ್ ಕಾಯಿ ಗುರುತು ನೋಡುತ್ತಾ ಹೋದರೆ ಸೀದಾ ಟ್ರಿಂಗ್ ಸ್ಟೇಷನ್ ಕಡೆಗೆ ತಂದು ಬಿಡುತ್ತದೆ. ಇಡೀ ಸುತ್ತು ಸುಮಾರು 14 ಕಿಲೋಮೀಟರ್, ಕೂತು ತಿಂದು ನಡೆದರೆ ಐದಾರು ಗಂಟೆ. ಚಿಕ್ಕ ಮಕ್ಕಳಿದ್ದರೆ ಸ್ಮಾರಕದವರೆಗೆ ಹೋಗಿ ಕಾಡಿನಲ್ಲೇ ಒಂದು ಸುತ್ತು ಹಾಕಿ ಆಲ್ಡ್‌ಬರಿಗೆ ಇಳಿದರೂ ಸಾಕು.

ಹೊತ್ತು ಲೆಕ್ಕ ಹಾಕಿಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು, ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಒಂದು ನವೆಂಬರಿನಲ್ಲಿ ಐದು ಗಂಟೆಗೆ ಫೋನಿನ ಟಾರ್ಚ್ ಹಿಡಿದು, ಶೇಕಡಾ ಎಂಟು ಬ್ಯಾಟರಿ ಇಟ್ಟುಕೊಂಡು ಆ ಇಳಿಜಾರು ಇಳಿದಿದ್ದೇನೆ, ಇನ್ನೊಮ್ಮೆ ಬೇಡ. ಕಾಡಿನೊಳಗೆ ಸಿಗ್ನಲ್ ಹೋಗಿಬರುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಕಾಗದದ್ದು ಬೇಕಾದರೆ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 181, ಅದರಲ್ಲಿ ಕಾಲುದಾರಿಗಳು ಹಸಿರು ಗೆರೆಗಳಲ್ಲಿವೆ. ಜೋರು ಗಾಳಿಯ ದಿನ ಕಾಡಿಗೆ ಹೋಗಲೇಬೇಡಿ, ಹಳೇ ಬೀಚ್ ಕೊಂಬೆಗಳು ಮುರಿದು ಬೀಳುತ್ತವೆ.

ಕಾಲಿಗೆ ನೀರು ಹೋಗದ ಬೂಟು. ಇಲ್ಲಿನ ಕೆಸರು ಜೇಡಿ ಮತ್ತು ಸುಣ್ಣ ಕಲಸಿದ್ದು, ಓಡುವ ಷೂ ಹಾಕಿಕೊಂಡು ಬಂದರೆ ಒಂದೊಂದು ಕಾಲಿಗೂ ಅರ್ಧ ಕಿಲೋ ಮಣ್ಣು ಹತ್ತಿ ಜಾರುತ್ತದೆ. ಕೊನೆಗೆ ಆಲ್ಡ್‌ಬರಿಯ ಪಬ್ಬಿಗೆ ಹೋಗುವುದಿದ್ದರೆ ಬಾಗಿಲಲ್ಲಿ ಬೂಟು ಚೆನ್ನಾಗಿ ಒರೆಸಿ, ಕೂತು ಕಾಯಬೇಡಿ, ಕೌಂಟರಿಗೆ ಹೋಗಿ ನೀವೇ ಹೇಳಿ. ಕುಡಿಯದವರು ಶುಂಠಿ ಬಿಯರ್ ಕೇಳಿ, ಹೆಸರಿಗೆ ಬಿಯರ್, ಸಾಮಾನ್ಯವಾಗಿ ಮದ್ಯ ಇರುವುದಿಲ್ಲ, ಒಮ್ಮೆ ಕೇಳಿಕೊಂಡರೆ ಆಯಿತು. ರೈಲಿಗೆ ಇನ್ನೊಂದು ಜೊತೆ ಒಣ ಕಾಲುಚೀಲ ಚೀಲದಲ್ಲಿರಲಿ. ಬೂಟನ್ನು ಮನೆಗೆ ಬಂದ ತಕ್ಷಣ ತೊಳೆಯಬೇಡಿ, ಒಂದು ರಾತ್ರಿ ಬಾಲ್ಕನಿಯಲ್ಲಿ ಒಣಗಲು ಬಿಟ್ಟರೆ ಬೆಳಿಗ್ಗೆ ಮಣ್ಣು ಹಪ್ಪಳದ ಹಾಗೆ ಉದುರುತ್ತದೆ.